ಕಹಿಬೇವಿನ ಕಾಪು

ಆ ಬೆಳಿಗ್ಗೆ ಗಾಳಿ ಪಡುವಣದಿಂದ ಬೀಸುತ್ತಿತ್ತು. ಚೈತ್ರದ ಬಿಸಿಲು ಇನ್ನೂ ಮೈಮುರಿದು ಎದ್ದಿರಲಿಲ್ಲ. ಮಣಿನಗರ ಸ್ಟೇಷನ್ನಿನ ಕಡೆಯಿಂದ ಬೂದು ಬಣ್ಣದ ಧೂಳು ಹೊರಟು, ತಗಡಿನ ಮಾಡುಗಳನ್ನು ಒಮ್ಮೆ ಸವರಿ ಮತ್ತೆ ಬೀದಿಗೇ ಇಳಿಯುತ್ತಿತ್ತು. ಮಧ್ಯಾಹ್ನಕ್ಕೆ ಮುಖ ಸುಡುವುದೂ ಇದೇ ಗಾಳಿಯೇ. ಆದರೆ ಆ ಹೊತ್ತಿಗೆ ಅದು ಮಿಂದು ಬಂದ ಸಾಧುವಿನಂತಿತ್ತು. ಬೇವಿನ ಮರವನ್ನು ಮುಟ್ಟಿಯೂ ಮುಟ್ಟದಂತೆ ಹಾದುಹೋದರೆ ಸಾಕು, ನುಚ್ಚಕ್ಕಿಯಂಥ ಬಿಳಿ ಹೂ ಮೆಲ್ಲಗೆ ಉದುರುತ್ತಿತ್ತು. ಉದುರಿದ್ದೆಲ್ಲ ಗೋಡೆಯ ಆಚೆಗೆ.

ಸುಭದ್ರಾ ತನ್ನ ಹೋಟೆಲಿನ ಹಿತ್ತಲಿನಲ್ಲಿ ಪೊರಕೆ ಹಿಡಿದು ನಿಂತು ಇದನ್ನೇ ನೋಡುತ್ತಿದ್ದಳು. ಮರದ ಬುಡ ಇದ್ದದ್ದು ಅವಳ ಹಿತ್ತಲಿನಲ್ಲಿ. ಬುಡಕ್ಕೆ ಬೀಳುತ್ತಿದ್ದದ್ದು ಅವಳ ಅಡುಗೆಮನೆಯ ಅಕ್ಕಿ ತೊಳೆದ ನೀರು. ಆದರೆ ಕಾಂಡ ಆಳೆತ್ತರ ನೆಟ್ಟಗೆ ಹೋಗಿ, ಆಮೇಲೆ ಯಾರೋ ಕರೆದಂತೆ ಪಕ್ಕಕ್ಕೆ ವಾಲಿ, ಕೊಂಬೆರೆಂಬೆಗಳನ್ನೆಲ್ಲ ಪಕ್ಕದ ಮನೆಯ ಗಿರಿಜಾಳ ಅಂಗಳದ ಮೇಲೆ ಹರಡಿಬಿಟ್ಟಿತ್ತು. ಇತ್ತ ಕಡೆ ಉಳಿದದ್ದು ಬೇರು, ಮತ್ತೆ ಗುಡಿಸಲಿಕ್ಕೆ ಒಂದಿಷ್ಟು ಒಣಗಿದ ಎಲೆ.

ಅಷ್ಟರಲ್ಲಿ ಹಿಂದಿನ ಓಣಿಯಲ್ಲಿ ಹಂಸಾಬೆನ್ ಬಂದಳು. ಓಣಿಯ ಕೊನೆಯ ಮನೆಯ ಮುದುಕಿ, ಕೈಯಲ್ಲಿ ಸ್ಟೀಲಿನ ಡಬ್ಬಿ.

"ಜೈ ಶ್ರೀಕೃಷ್ಣ, ಸುಭದ್ರಾಬೆನ್. ಹೂವಿಗೆ ಹೊರಟೆ. ಚೈತ್ರದಲ್ಲಿ ಬೇವಿನ ಹೂವಿನ ರಸ ಒಂದು ಗುಟುಕು ಕುಡಿದುಬಿಟ್ಟರೆ ವರ್ಷವಿಡೀ ಜ್ವರದ ಕಾಟ ಇಲ್ಲ ನೋಡಿ."

"ಎಲ್ಲಿಂದ ತರ್ತೀರಿ?"

"ಗಿರಿಜಾಬೆನ್‌ನ ಲೀಮಡೊ ಇದೆಯಲ್ಲ, ಅದರದ್ದು."

ಲೀಮಡೊ ಎಂದರೆ ಗುಜರಾತಿಯಲ್ಲಿ ಬೇವಿನ ಮರ. ಸುಭದ್ರಾ ಪೊರಕೆಯನ್ನು ಗೋಡೆಗೆ ಒರಗಿಸಿದಳು. "ಯಾರ ಲೀಮಡೊ ಅಂದ್ರಿ?"

"ಗಿರಿಜಾಬೆನ್‌ನದು. ನಿಮಗೆ ಗೊತ್ತಿಲ್ಲವೆ? ನಿಮ್ಮ ಹೋಟೆಲಿನ ಹಿಂದೆಯೇ ಇದೆ," ಎಂದು ಮುದುಕಿ ದಾರಿ ತೋರಿಸುವವಳಂತೆ ಕೈ ಎತ್ತಿ ತೋರಿಸಿ ಮುಂದೆ ಹೋದಳು.

ಸುಭದ್ರಾಳ ಎದೆಯಲ್ಲಿ ಒಲೆಯ ಕೆಂಡ ಊದಿದಂತಾಯಿತು. ಆ ಕೆಂಡ ಅವತ್ತು ಹೊಸದಾಗಿ ಬಿದ್ದದ್ದಲ್ಲ.

ಸುಭದ್ರಾ ಮತ್ತು ಅವಳ ಗಂಡ ಉಮಾಕಾಂತ ಕುಂದಾಪುರದ ಕಡೆಯವರು. ಅಹಮದಾಬಾದಿಗೆ ಬಂದು, ಮಣಿನಗರದಲ್ಲಿ ಉಡುಪಿ ಹೋಟೆಲು ಇಟ್ಟು, ಇಲ್ಲಿಯ ಗುಜರಾತಿಯನ್ನು ಇಲ್ಲಿಯವರಂತೆಯೇ ಆಡಲು ಕಲಿತು ಎಷ್ಟೋ ಕಾಲವಾಗಿತ್ತು. ಹೋಟೆಲಿನ ಮಹಡಿಯ ಮೇಲಿನ ಹಾಲಿನಲ್ಲಿ ಶನಿವಾರ ಸಂಜೆ ಕನ್ನಡದವರ ಭಜನೆ ನಡೆಯುತ್ತಿತ್ತು. ರೈಲ್ವೆಯವರು, ಬ್ಯಾಂಕಿನವರು, ಬಾಡಿಗೆ ಫ್ಲ್ಯಾಟುಗಳಲ್ಲಿ ನಾಲ್ಕಾರು ಜನ ಸೇರಿಕೊಂಡು ಇರುವ ಹುಡುಗರು, ಎಲ್ಲ ಬರುತ್ತಿದ್ದರು. ಹಾರ್ಮೋನಿಯಂಗೆ ವಾಮನಣ್ಣ. ದೇವರ ಪಟಕ್ಕೆ ಹೂ, ದೀಪ, ಕೊನೆಯಲ್ಲಿ ಪಂಚಕಜ್ಜಾಯ, ಇಷ್ಟೂ ಸುಭದ್ರಾಳದು. ಕಡಲೆಬೇಳೆಯನ್ನು ಕೆಂಪಗೆ ಹುರಿದು, ಪುಡಿ ಮಾಡಿ, ಬೆಲ್ಲ, ಕೊಬ್ಬರಿ, ಎಳ್ಳು, ತುಪ್ಪ ಹಾಕಿ ಬೆರೆಸುವಾಗ ಅವಳು ಯಾರೊಂದಿಗೂ ಮಾತನಾಡುತ್ತಿರಲಿಲ್ಲ. ಆ ಹೊತ್ತು ಕೃಷ್ಣನಿಗೂ ತನಗೂ ಮಾತ್ರ ಸೇರಿದ್ದು ಎಂದು ಅವಳ ಲೆಕ್ಕ. ಮಂಗಳಾರತಿಯಾದ ಮೇಲೆ ಪಾತ್ರೆ ಹಿಡಿದು ಒಬ್ಬೊಬ್ಬರ ಅಂಗೈಗೂ ಹಾಕುತ್ತ ಬರುವಾಗ, ಹೋಟೆಲಿನ ಗಲ್ಲಾದಲ್ಲಿ ಕುಳಿತಾಗ ಎಂದೂ ಸಿಗದ ಒಂದು ದೊಡ್ಡತನ ಅವಳ ಬೆನ್ನನ್ನು ನೆಟ್ಟಗೆ ಮಾಡುತ್ತಿತ್ತು.

ಹಾಗಿರುವಾಗ ಗೋಡೆಯಾಚೆಯ ಬಾಡಿಗೆ ಮನೆಗೆ ಗಿರಿಜಾ ಬಂದಳು. ಊರು ಕಾಪು, ಉಡುಪಿಯಿಂದ ಸ್ವಲ್ಪ ತೆಂಕಣಕ್ಕೆ. ಗಂಡ ಗಣಪತಿ ಚಾಂದ್‌ಖೇಡಾದಲ್ಲಿ ಒಂದು ಕ್ಯಾಂಟೀನಿನ ಅಡುಗೆಯವ. ಬೆಳಕು ಹರಿಯುವ ಮೊದಲೇ ಹೊರಟು, ಕತ್ತಲಾದ ಮೇಲೆ ಬರುವಾಗ ತರಕಾರಿಯನ್ನೂ ತಾನೇ ಕಟ್ಟಿಸಿಕೊಂಡು ಬರುತ್ತಿದ್ದ. ಹಾಗಾಗಿ ಗಿರಿಜಾಳಿಗೆ ಗುಜರಾತಿಯ ಸಹವಾಸವೇ ಇಲ್ಲ. ಟೀವಿಯಿಂದ ಕಲಿತ ನಾಲ್ಕು ಹಿಂದಿ ಮಾತು, ಅದಕ್ಕೆ ಮೀರಿದರೆ ಒಂದು ನಗು.

ಹೋದ ಬೇಸಿಗೆಯ ಒಂದು ಶನಿವಾರ ಕರೆಂಟು ಹೋಯಿತು. ಮಹಡಿಯ ಹಾಲು ಕಾವಲಿಯಂತೆ ಕಾದಿತ್ತು. ಯಾರೋ ಒಬ್ಬರು, ಇವತ್ತೊಂದು ದಿನ ಕೆಳಗೆ ಬೇವಿನ ಮರದಡಿ ಕೂರುವಾ ಎಂದರು. ಗಿರಿಜಾ ಅಂಗಳ ಗುಡಿಸಿ, ನೀರು ಚಿಮುಕಿಸಿ, ಚಾಪೆ ಹಾಸಿದಳು. ಗಾಳಿ ಬಂತು. ತಾಳದ ಸದ್ದಿಗೆ ಎಲೆಗಳೂ ಅಲುಗಿದವು. ಅವತ್ತು ಕೆಳಗಿಳಿದ ಭಜನೆ ಮತ್ತೆ ಮೆಟ್ಟಿಲು ಹತ್ತಲಿಲ್ಲ. ಮುಂದಿನ ವಾರ ದೇವರ ಪಟ ಹೋಯಿತು. ಅದರ ಮುಂದಿನ ವಾರ, "ನೀವು ಯಾಕೆ ಹೊತ್ತು ತರ್ತೀರಿ ಅಕ್ಕ, ನಾನೇ ಮಾಡ್ತೇನೆ, ನಿಮಗೆ ಹೋಟೆಲಿನ ಕೆಲಸ ಬೇರೆ ಉಂಟು," ಎಂದು ಗಿರಿಜಾ ಪಂಚಕಜ್ಜಾಯವನ್ನೂ ವಹಿಸಿಕೊಂಡಳು. ಅವಳು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಒಳ್ಳೆಯ ಮನಸ್ಸಿನಿಂದ ಕಿತ್ತುಕೊಂಡವರನ್ನು ಬೈಯುವುದು ಕಷ್ಟ. ಸುಭದ್ರಾ ಬೈಯಲಿಲ್ಲ, ಹೋಗುವುದನ್ನು ನಿಲ್ಲಿಸಿದಳು.

ಶನಿವಾರ ಸಂಜೆ ಅಡುಗೆಮನೆಯ ಕಿಟಕಿ ಮುಚ್ಚಿದರೂ ಗೋಡೆಯಾಚೆಯ ಹಾಡು ಒಳಗೆ ಬರುತ್ತಿತ್ತು. ದೋಸೆ ಹೊಯ್ಯುತ್ತಿದ್ದಂತೆಯೇ ಅವಳ ತುಟಿ ತಾನಾಗಿ ಪಲ್ಲವಿಗೆ ಕೂಡಿಕೊಳ್ಳುತ್ತಿತ್ತು, ಗೊತ್ತಾದ ಕೂಡಲೇ ತುಟಿ ಕಚ್ಚಿಕೊಳ್ಳುತ್ತಿದ್ದಳು. ಹೋದ ವಾರ ವಾಮನಣ್ಣ ಕಾಫಿಗೆ ಬಂದವನು, "ಗಿರಿಜಾನ ಪಂಚಕಜ್ಜಾಯ ಬಾಯಿಗೆ ಹಾಕಿದ್ರೆ ಹಾಗೇ ಕರಗ್ತದೆ ಸುಭದ್ರಕ್ಕ, ನೀವೂ ಒಮ್ಮೆ ಬರ್ಬೇಕು," ಎಂದಿದ್ದ. ಅವನ ಕಾಫಿಗೆ ಸಕ್ಕರೆ ಹಾಕಲು ಅವಳಿಗೆ ಅವತ್ತು ಮರೆತುಹೋಯಿತು.

ಮನುಷ್ಯರ ಮೇಲೆ, ಜಾಗದ ಮೇಲೆ ಬಂದ ಹೊಟ್ಟೆಕಿಚ್ಚು ಹೀಗೆ ನಿಧಾನವಾಗಿ ಮರಕ್ಕೆ ಹತ್ತಿಕೊಂಡಿತ್ತು. ಮರ ಇಲ್ಲದಿದ್ದರೆ ನೆರಳಿಲ್ಲ. ನೆರಳಿಲ್ಲದಿದ್ದರೆ ಆ ಅಂಗಳದಲ್ಲಿ ಯಾರು ಕೂರುತ್ತಾರೆ? ದೇವರು ತಾನಾಗಿ ಮೆಟ್ಟಿಲು ಹತ್ತಿ ಮೇಲೆ ಬರುತ್ತಾನೆ.

ಹಂಸಾಬೆನ್ ಡಬ್ಬಿ ತುಂಬಿಸಿಕೊಂಡು ಹಿಂದಿರುಗಿ ಹೋದ ಮೇಲೆ ಸುಭದ್ರಾ ಒಳಗೆ ಬಂದು, ಹಿಟ್ಟು ರುಬ್ಬುತ್ತಿದ್ದ ಗಂಡನ ಎದುರು ನಿಂತಳು.

"ಆ ಮರ ಕಡಿಸುವಾ."

"ಯಾವ ಮರ?"

"ನಮ್ಮ ಹತ್ರ ತೋಟ ಉಂಟಾ, ಯಾವ ಮರ ಅಂತ ಕೇಳ್ಲಿಕ್ಕೆ?"

ಉಮಾಕಾಂತ ಗ್ರೈಂಡರು ನಿಲ್ಲಿಸಿದ. ಅವನು ಸಿಟ್ಟಿನ ಮನುಷ್ಯನಲ್ಲ. ಹೆಂಡತಿಯ ಸಿಟ್ಟನ್ನೂ ಹಿಟ್ಟಿನಂತೆ ಸ್ವಲ್ಪ ಹೊತ್ತು ಹಾಗೇ ಬಿಟ್ಟು ನೋಡುವವನು. "ಅದು ಎಂತ ಮಾಡಿತು ನಿನಗೆ?"

"ಗೋಡೆ ಬಿರುಕು ಬಿಟ್ಟಿದೆ. ಬೇರು ಪೈಪಿನ ಒಳಗೆ ಹೋಗ್ತಾ ಉಂಟು. ಮಳೆಗಾಲದಲ್ಲಿ ಕೊಂಬೆ ಬಿದ್ರೆ ಯಾರ ತಲೆ ಒಡೀತದೋ."

"ಬೀಳುವುದಾದ್ರೆ ಅದು ಗಿರಿಜಾನ ತಲೆ ಮೇಲೇ ಬೀಳ್ಬೇಕು. ಅವಳ ತಲೆ ಮೇಲೆ ನಿನಗೆ ಇಷ್ಟು ಪ್ರೀತಿ ಯಾವಾಗಿಂದ ಮಾರಾಯ್ತಿ?"

ಉಮಾಕಾಂತ ಕೈ ತೊಳೆದುಕೊಂಡು ಮೆತ್ತಗೆ ಹೇಳಿದ: "ಕಡಿಸುವುದಿದ್ರೆ ಮೊದಲು ಕೇಳು. ನಮ್ಮ ಜಾಗದಲ್ಲಿ ಉಂಟು ಅಂತ ಮರ ನಮ್ಮದಾಗುವುದಿಲ್ಲ ಇಲ್ಲಿ. ಘೋಡಾಸರದಲ್ಲಿ ಒಬ್ಬ ಅಂಗಡಿಯ ಬೋರ್ಡು ಕಾಣುವುದಿಲ್ಲ ಅಂತ ಕಡಿಸಿ, ಆಮೇಲೆ ಕಾರ್ಪೊರೇಷನ್ನಿಗೆ ತಿರುಗಿ ತಿರುಗಿ ಚಪ್ಪಲಿ ಸವೆಸಿದ. ಬಾಗ್‌ಬಗೀಚಾ ಖಾತೆ ಅಂತ ಉಂಟು, ಪಾರ್ಕು ನೋಡಿಕೊಳ್ಳುವವರು. ಅವರನ್ನು ಕೇಳು. ಆಗುವುದಿಲ್ಲ ಅಂದ್ರೆ ಅಲ್ಲಿಗೆ ಬಿಡು."

ಸುಭದ್ರಾ ಮತ್ತೆ ಹಿತ್ತಲಿಗೆ ಹೋದಳು. ಮರದ ಬುಡಕ್ಕೆ ಒರಗಿ ನಿಂತು, ಆ ಕಚೇರಿಗೆ ಫೋನು ಹಚ್ಚಿದಳು. ಎರಡು ಕಡೆ ಸುತ್ತಿ ಕೊನೆಗೆ ಒಬ್ಬ ಗುಮಾಸ್ತ ಸಿಕ್ಕಿದ.

"ಸಾಹೇಬ, ಒಂದು ಲೀಮಡೊ ಕಾಪವೊ ಛೆ. ಪರವಾನಗಿ ಬೇಕೊ ಬೇಡವೊ?"

"ಯಾವ ಲೀಮಡೊ ಬೆನ್? ಕಹಿಯದ್ದೊ, ಸಿಹಿಯದ್ದೊ?"

ಗುಜರಾತಿಯವರಿಗೆ ಕರಿಬೇವು ಎಂದರೆ ಸಿಹಿ ಬೇವು. "ಕಹಿಯದ್ದೇ," ಎಂದಳು ಸುಭದ್ರಾ.

"ಸಿಹಿಯದ್ದಾದರೆ ಒಗ್ಗರಣೆಗೆ ಹಾಕಿ ಅನ್ನುತ್ತಿದ್ದೆ. ಕಹಿಯದ್ದಕ್ಕೆ ಪರವಾನಗಿ ಬೇಕು. ನಿಮ್ಮ ಕಂಪೌಂಡಿನ ಒಳಗಿದ್ದರೂ ಬೇಕು. ನಮ್ಮ ಇನ್‌ಸ್ಪೆಕ್ಟರ್ ಬಂದು ನೋಡುತ್ತಾರೆ. ಮರ ಒಣಗಿದೆಯೆ, ಬೀಳುವಂತಿದೆಯೆ, ಗೋಡೆಗೆ ಅಪಾಯವಿದೆಯೆ, ಎಲ್ಲ ನೋಡುತ್ತಾರೆ. ಅಕ್ಕಪಕ್ಕದವರನ್ನೂ ಕೇಳುತ್ತಾರೆ. ಅವರ ತಕರಾರು ಇದ್ದರೆ ಕಷ್ಟ. ಅಲ್ಲಿಯವರೆಗೆ ಒಂದು ಕಡ್ಡಿಯನ್ನೂ ಮುರಿಯಬೇಡಿ."

"ಗೋಡೆಗೆ ಅಪಾಯವಿದೆ," ಎಂದಳು ಸುಭದ್ರಾ. ಹೆಸರು, ವಿಳಾಸ ಕೊಟ್ಟಳು. ಫೋನು ಇಟ್ಟ ಮೇಲೆ ಅವಳಿಗೆ ಉಳಿದದ್ದು ಒಂದೇ ಮಾತು: ಅಕ್ಕಪಕ್ಕದವರ ತಕರಾರು. ಪಕ್ಕ ಎಂದರೆ ಗಿರಿಜಾ. ತನ್ನ ಮರ ಕಡಿಯಲೂ ಅವಳ ಬಾಯಿಂದಲೇ ಹೂಂ ಬರಬೇಕು. ದೇವರೇ, ಇನ್ನು ಏನೇನು ಅವಳ ಕೈಗೆ ಕೊಡುತ್ತೀ?

"ಅಕ್ಕ."

ಸುಭದ್ರಾ ಬೆಚ್ಚಿ ತಲೆ ಎತ್ತಿದಳು. ಗೋಡೆಯ ಮೇಲೆ ಗಿರಿಜಾಳ ಮುಖ ಕಾಣಿಸಿತು. ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತಿದ್ದಳು. ಕಣ್ಣಲ್ಲಿ ನೀರಿತ್ತು.

"ನೀವು ಫೋನಿನಲ್ಲಿ ಮಾತಾಡಿದ್ದು ಕೇಳಿತು ಅಕ್ಕ."

ಸುಭದ್ರಾ ಕೈಯಲ್ಲಿದ್ದ ಫೋನನ್ನು ತಟ್ಟನೆ ಸೊಂಟಕ್ಕೆ ಸಿಕ್ಕಿಸಿದಳು. ಗಿರಿಜಾಳೇ ಮುಂದುವರಿಸಿದಳು.

"ನಾನು ಯಾರಿಗೂ ಹೇಳಿರ್ಲಿಲ್ಲ. ನಮ್ಮ ಓನರು ಮೊನ್ನೆ ಬಂದು, ಈ ಕೊಂಬೆ ಎಲ್ಲ ಕಡಿಸ್ತೇನೆ, ಅಂಗಳಕ್ಕೆ ಶೀಟು ಹಾಕಿ ಕಾರು ನಿಲ್ಲಿಸ್ತೇನೆ ಅಂದ್ರು. ನನಗೆ ಅವತ್ತಿಂದ ಅನ್ನ ಸೇರುದಿಲ್ಲ. ನಿಮಗೆ ಹೇಗೆ ಗೊತ್ತಾಯಿತೋ ದೇವ್ರಿಗೇ ಗೊತ್ತು. ಲೀಮಡೊ, ಕಾಪು, ಪರವಾನಗಿ ಅಂತ ನೀವು ಅವರ ಹತ್ರ ಗಟ್ಟಿ ಮಾಡಿ ಹೇಳುದು ಕೇಳಿದೆ. ನಮ್ಮ ಊರ ಹೆಸರೇ ನಿಮ್ಮ ಬಾಯಲ್ಲಿ ಬಂದ ಹಾಗಾಯ್ತು. ಮರಕ್ಕೆ ಕಾಪು ಹಾಕಿಸಿದ್ರಿ ಅಲ್ವಾ ಅಕ್ಕ?"

ಗುಜರಾತಿಯಲ್ಲಿ 'ಕಾಪವುಂ' ಎಂದರೆ ಕಡಿಯುವುದು. ಕನ್ನಡದಲ್ಲಿ ಕಾಪು ಎಂದರೆ ಕಾವಲು, ರಕ್ಷೆ. ಕಡಿಯುವುದಕ್ಕೆ ಹಿಂದಿಯಲ್ಲಿ 'ಕಾಟ್‌ನಾ' ಎನ್ನುತ್ತಾರೆಂದು ಗಿರಿಜಾಳಿಗೆ ಗೊತ್ತಿತ್ತು. ಸುಭದ್ರಾಳ ಬಾಯಲ್ಲಿ ಆ ಮಾತು ಅವಳಿಗೆ ಕೇಳಿಸಿರಲಿಲ್ಲ. ಕೇಳಿಸಿದ್ದು ಹುಟ್ಟಿದೂರಿನ ಹೆಸರು.

ಒಂದೇ ಮಾತಿನಲ್ಲಿ ಬಿಡಿಸಿ ಹೇಳಬಹುದಿತ್ತು. ಸುಭದ್ರಾ ಸೆರಗಿನಿಂದ ಕತ್ತು ಒರೆಸಿಕೊಂಡಳು. "ಕೇಳಿ ನೋಡಿದ್ದು ಅಷ್ಟೇ," ಎಂದಳು. "ಅವರು ಬಂದು ನೋಡ್ತಾರಂತೆ."

ಗಿರಿಜಾ ಗೋಡೆಯ ಮೇಲಿಂದ ಕೈ ಚಾಚಿ ಅವಳ ಕೈ ಹಿಡಿದುಕೊಂಡಳು. "ನೀವು ನನ್ನ ಮೇಲೆ ಬೇಜಾರಲ್ಲಿದ್ದೀರಿ ಅಂತ ತಿಳ್ಕೊಂಡಿದ್ದೆ. ನಾನು ಪಾಪಿ. ಈ ಶನಿವಾರ ಪಂಚಕಜ್ಜಾಯ ನೀವೇ ಮಾಡ್ಬೇಕು. ಹಂಚುವುದೂ ನೀವೇ. ಇನ್ನು ಮೇಲೆ ಯಾವಾಗ್ಲೂ ನೀವೇ. ನನಗೆ ಮರದ ಕೆಳಗೆ ಕೂತು ತಾಳ ಹಾಕಿದ್ರೆ ಸಾಕು."

ಯಾವುದಕ್ಕಾಗಿ ಇಷ್ಟು ದಿನ ಹೊಟ್ಟೆ ಉರಿದಿತ್ತೋ ಅದು ಗೋಡೆಯ ಮೇಲಿಂದ ತಾನಾಗಿ ಬಂದು ಕೈಗೆ ಬಿದ್ದಿತ್ತು. ಸುಭದ್ರಾ ಒಳಗೆ ಬಂದು ಒಂದು ಲೋಟ ನೀರು ಕುಡಿದಳು. ಉರಿ ಇಳಿಯಲಿಲ್ಲ.

ಮುಂದಿನ ದಿನಗಳಲ್ಲಿ ಗಿರಿಜಾ ತನ್ನ ಹರಕು ಹಿಂದಿಯಲ್ಲೇ ಓಣಿಯಲ್ಲೆಲ್ಲ ಸುದ್ದಿ ಮುಟ್ಟಿಸಿದಳು: ಸುಭದ್ರಾದೀದಿ ಮರ ಉಳಿಸುತ್ತಿದ್ದಾಳೆ. ಹಂಸಾಬೆನ್ ಬಂದು ಸುಭದ್ರಾಳ ನೆತ್ತಿಗೆ ಲಟಿಕೆ ಮುರಿದಳು. ವಾಮನಣ್ಣ ಕಾಫಿ ಕುಡಿಯುತ್ತ, "ನೀವು ಮಾಡಿದ್ದು ಒಂದು ದೇವಸ್ಥಾನ ಕಟ್ಟಿಸಿದ್ದಕ್ಕೆ ಸಮ," ಎಂದ. ಸುಭದ್ರಾ ಯಾರಿಗೂ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಉಮಾಕಾಂತ ಮಾತ್ರ ಗಲ್ಲಾದ ಹಿಂದಿನಿಂದ ಅವಳನ್ನು ನೋಡಿ, ಹುಬ್ಬು ಎತ್ತಿ, ಮತ್ತೆ ಚಿಲ್ಲರೆ ಕೊಡುವ ಕೆಲಸಕ್ಕೆ ಬಗ್ಗುತ್ತಿದ್ದ.

ಕಚೇರಿಗೆ ಮತ್ತೊಮ್ಮೆ ಫೋನು ಮಾಡಿ ಬೇಡವೆಂದು ಹೇಳಬಹುದಿತ್ತು. ಫೋನು ಕೈಗೆ ತೆಗೆದುಕೊಂಡಾಗಲೆಲ್ಲ ಗಿರಿಜಾಳ ಮಾತು ನೆನಪಾಗುತ್ತಿತ್ತು: ಈ ಶನಿವಾರ ನೀವೇ ಮಾಡಿ. ಎಷ್ಟು ಸಲೀಸಾಗಿ ಕೊಟ್ಟುಬಿಟ್ಟಳು. ಕೊಡಲು ಅದು ಅವಳದೇ? ಆದರೂ ಕೊಡುವವಳ ಕೈ ಮೇಲಿತ್ತು, ತೆಗೆದುಕೊಂಡವಳ ಕೈ ಕೆಳಗಿತ್ತು. ತಾನು ಇಷ್ಟು ಕಾಲ ಹಿಡಿದುಕೊಂಡಿದ್ದನ್ನು ಕಳೆದುಕೊಂಡು ಸುಟ್ಟು ಬೂದಿಯಾದರೆ, ಅವಳು ಅದನ್ನೇ ಕಣ್ಣೀರು ಸುರಿಸುತ್ತ ಸಂತೋಷದಿಂದ ಬಿಟ್ಟುಕೊಡುತ್ತಾಳೆ. ಮೊದಲು ಸುಭದ್ರಾಳಿಗೆ ಗಿರಿಜಾಳ ಅಂಗಳದ ಮೇಲೆ ಅಸೂಯೆಯಿತ್ತು. ಈಗ ಅವಳ ಮನಸ್ಸಿನ ಮೇಲೇ ಬಂದಿತ್ತು. ಅಂಗಳದ ನೆರಳನ್ನು ಕಡಿಸಬಹುದು. ಇದನ್ನು ಯಾರಿಗೆ ಹೇಳಿ ಕಡಿಸುವುದು? ಫೋನು ಮತ್ತೆ ಸೊಂಟಕ್ಕೆ ಹೋಗುತ್ತಿತ್ತು.

ಇನ್‌ಸ್ಪೆಕ್ಟರು ಬಂದದ್ದು ಶನಿವಾರ ಬೆಳಿಗ್ಗೆ, ತಿಂಡಿಯ ಗದ್ದಲದ ಹೊತ್ತಿನಲ್ಲಿ. ನಡುವಯಸ್ಸಿನ ಮನುಷ್ಯ, ಬಿಸಿಲಿಗೆ ತಲೆಗೊಂದು ಕರವಸ್ತ್ರ ಕಟ್ಟಿಕೊಂಡಿದ್ದ. ಉಮಾಕಾಂತ ಗಿರಾಕಿಗಳನ್ನು ಬಿಟ್ಟು ಏಳುವಂತಿರಲಿಲ್ಲ. ಸುಭದ್ರಾಳೇ ಅವನನ್ನು ಹಿತ್ತಲಿಗೆ ಕರೆದೊಯ್ದಳು. ಅವನು ಬುಡದ ಸುತ್ತ ನಡೆದ, ತೊಗಟೆಯನ್ನು ತಟ್ಟಿ ನೋಡಿದ, ಗೋಡೆಯ ಬಿರುಕಿಗೆ ಬೆರಳಿಟ್ಟ. ಮರ ಗಟ್ಟಿಯಾಗಿದೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ಇಬ್ಬರೂ ಓಣಿ ಸುತ್ತಿ ಗಿರಿಜಾಳ ಅಂಗಳಕ್ಕೆ ಬಂದರು.

ಗಿರಿಜಾ ಆಗಲೇ ಅಂಗಳಕ್ಕೆ ನೀರು ಹಾಕಿ ರಂಗೋಲಿ ಇಟ್ಟಿದ್ದಳು. ಜಗಲಿಯ ಸ್ಟೂಲಿನ ಮೇಲೆ ಕೃಷ್ಣನ ಪಟ ಒರಗಿತ್ತು. ನೆರಳು ಅಂಗಳದ ತುಂಬ ಹರಡಿ, ರಂಗೋಲಿಯ ಮೇಲೆ ಹೂ ಬೀಳುತ್ತಿತ್ತು. ಇನ್‌ಸ್ಪೆಕ್ಟರು ತಲೆಯ ಕರವಸ್ತ್ರ ಬಿಚ್ಚಿ, ಮುಖ ಒರೆಸಿಕೊಂಡು, ಒಂದು ಕ್ಷಣ ಏನೂ ಕೇಳದೆ ಆ ತಂಪಿನಲ್ಲಿ ನಿಂತ. ಸುಭದ್ರಾ ಅದನ್ನು ನೋಡಿದಳು. ಬಂದವರೆಲ್ಲ ಇಲ್ಲಿಗೆ ಬಂದರೆ ಹೀಗೇ ಆಗುತ್ತಾರೆ.

"ಬೆನ್," ಎಂದ ಅವನು ಗಿರಿಜಾಳ ಕಡೆ ತಿರುಗಿ, "ಆ ಲೀಮಡೊ ಕಾಪವಾನಿ ಅರ್ಜಿ ಬಂದಿದೆ. ನೆರಳೆಲ್ಲ ನಿಮ್ಮ ಕಡೆಗಿದೆ. ನೀವೇನು ಹೇಳುತ್ತೀರಿ?"

ಗಿರಿಜಾಳಿಗೆ ಅರ್ಥವಾದದ್ದು ಎರಡೇ ಮಾತು: ಲೀಮಡೊ, ಕಾಪು. ಅವಳು ಕೈ ಜೋಡಿಸಿದಳು. ಮುಖ ಅರಳಿತು.

"ಹಾ ಸಾಬ್. ಕಾಪೊ, ಕಾಪೊ."

ಅವನಿಗೆ ಆಶ್ಚರ್ಯವಾಯಿತು. "ಕಾಪೊ ಅನ್ನುತ್ತೀರಾ? ಪೂರಾ?"

"ಪೂರಾ, ಪೂರಾ. ಅಚ್ಛೇ ಸೇ ಕಾಪೊ. ಏಕ್ ಪತ್ತಾ ಭೀ ನಹೀಂ ಛೋಡ್‌ನಾ ಸಾಬ್."

ಕಡಿಯಿರಿ, ಚೆನ್ನಾಗಿ ಕಡಿಯಿರಿ, ಒಂದು ಎಲೆಯನ್ನೂ ಬಿಡಬೇಡಿ ಎಂದು ಅವನಿಗೆ ಕೇಳಿಸಿತು. ಒಂದು ಎಲೆಯನ್ನೂ ಬಿಡದೆ ಕಾಯಿರಿ ಎಂದು ಅವಳು ಬೇಡಿಕೊಂಡಿದ್ದಳು. ಅವನು ಗಿರಿಜಾಳನ್ನು ನೋಡಿದ, ಮೇಲೆ ಕೊಂಬೆಗಳನ್ನು ನೋಡಿದ, ಭುಜ ಕುಣಿಸಿ ಜೇಬಿನಿಂದ ಪೆನ್ನು ತೆಗೆದ. "ಗೋಡೆಯ ಬಿರುಕೂ ಇದೆ, ನೆರೆಯವರದ್ದೂ ಒಪ್ಪಿಗೆ ಇದೆ. ಹಾಗಿದ್ದರೆ ನಾನು ಮೇಲಕ್ಕೆ ಕಳಿಸುತ್ತೇನೆ. ಆಗಬಹುದು."

ಅಂಗಳದಲ್ಲಿ ಮೂವರೇ ಇದ್ದರು. ಸುಭದ್ರಾ ಸುಳ್ಳು ಹೇಳಬೇಕಾಗಿರಲಿಲ್ಲ. ಸುಮ್ಮನೆ ನಿಂತಿದ್ದರೆ ಸಾಕಿತ್ತು. ನಾಳೆ ಮರ ಉರುಳಿದರೆ, ಗಿರಿಜಾಳೇ ಹೇಳಿದಳಲ್ಲ ಎನ್ನಬಹುದಿತ್ತು, ಅದು ನಿಜವೂ ಆಗಿರುತ್ತಿತ್ತು. ಭಜನೆ ಮಹಡಿ ಹತ್ತುತ್ತಿತ್ತು. ಹಂಸಾಬೆನ್ ಹೂವಿಗೆ ಬೇರೆ ಓಣಿ ಹುಡುಕಿಕೊಳ್ಳುತ್ತಿದ್ದಳು. ಅಷ್ಟು ಹೊತ್ತಿನಲ್ಲೇ ಅವಳ ಮನಸ್ಸು ಇದನ್ನೆಲ್ಲ ನೋಡಿ ಬಂದಿತ್ತು. ಕೃಷ್ಣನ ಪಟದ ಕಡೆ ಕಣ್ಣು ಹೋಯಿತು. ಅವನೇನೂ ಹೇಳಲಿಲ್ಲ. ಅವನು ಯಾವತ್ತೂ ಹಾಗೆಯೇ, ಕೊಳಲಿನಿಂದ ಬಾಯಿ ತೆಗೆಯುವವನಲ್ಲ.

ಗಿರಿಜಾ ಇನ್ನೂ ಕೈ ಜೋಡಿಸಿಯೇ ನಿಂತಿದ್ದಳು. ಪೆನ್ನು ಓಡುವುದನ್ನು ನೋಡಿ, ಕೆಲಸ ಆಯಿತು ಎಂಬ ಸಮಾಧಾನದಲ್ಲಿ ಸುಭದ್ರಾಳ ಕಡೆ ತಿರುಗಿ ಮಕ್ಕಳಂತೆ ನಕ್ಕಳು. ತನ್ನ ಕುತ್ತಿಗೆಯನ್ನು ತಾನೇ ಒಡ್ಡಿ ನಗುವವಳ ಮುಖವನ್ನು ಸುಭದ್ರಾ ಹಿಂದೆಂದೂ ನೋಡಿರಲಿಲ್ಲ. ಇವಳನ್ನು ಗೆಲ್ಲುವುದು ಹೀಗೆಯೆ?

"ನಿಲ್ಲಿ, ಸಾಹೇಬ," ಎಂದಳು.

ಅವನು ಪೆನ್ನು ಎತ್ತಿದ.

"ಅವಳಿಗೆ ನಿಮ್ಮ ಭಾಷೆ ಬರುವುದಿಲ್ಲ. ನಮ್ಮ ಭಾಷೆಯಲ್ಲಿ ಕಾಪು ಅಂದರೆ ಕಾಯುವುದು. ಅವಳು ಮರ ಕಾಯಿರಿ ಅಂತ ಕೇಳುತ್ತಿದ್ದಾಳೆ. ಒಂದು ಎಲೆಯನ್ನೂ ಬಿಡದೆ ಕಾಯಿರಿ ಅಂತ."

ಇನ್‌ಸ್ಪೆಕ್ಟರು ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿದ. "ಹಾಗಾದರೆ ಫೋನು ಮಾಡಿದ್ದು ಯಾರು?"

"ನಾನು."

"ಕಾಯಲೊ, ಕಡಿಯಲೊ?"

"ಕಡಿಯಲು," ಎಂದಳು ಸುಭದ್ರಾ. ತನ್ನ ದನಿ ಇಷ್ಟು ಸಣ್ಣದೆಂದು ಅವಳಿಗೆ ಗೊತ್ತಿರಲಿಲ್ಲ. "ಈಗ ಬೇಡ ಸಾಹೇಬ. ಬಿಟ್ಟುಬಿಡಿ."

"ಗೋಡೆಯ ಬಿರುಕು?"

"ಅದು ಭೂಕಂಪದಲ್ಲಿ ಬಿಟ್ಟದ್ದು. ಮರದ್ದಲ್ಲ."

ಅವನಿಗೆ ಸಿಟ್ಟು ಬರಬೇಕಿತ್ತು. ಬಿಸಿಲಲ್ಲಿ ಬಂದವನು ನೆರಳಲ್ಲಿ ನಿಂತಿದ್ದನಾದ್ದರಿಂದ ನಗು ಬಂತು. ಬರೆದದ್ದನ್ನು ಹೊಡೆದುಹಾಕಿದ. "ಇಂಥ ಮರಕ್ಕೆ ನಾನು ಒಪ್ಪಿದ್ದರೂ ಮೇಲಿನವರು ಒಪ್ಪುತ್ತಿದ್ದರೋ ಇಲ್ಲವೋ," ಎಂದ. ಗಿರಿಜಾಳ ಮನೆಯ ಓನರಿನ ವಿಷಯವನ್ನು ಸುಭದ್ರಾ ತೆಗೆದಾಗ ಖಡಾಖಂಡಿತವಾಗಿ ಹೇಳಿದ: "ಅವನಾದರೂ ಅಷ್ಟೇ, ನೀವಾದರೂ ಅಷ್ಟೇ. ನಮ್ಮನ್ನು ಕೇಳದೆ ಕೊಂಬೆಗೆ ಕೊಡಲಿ ಹಾಕುವ ಹಾಗಿಲ್ಲ. ಹಾಕಿದರೆ ಫೋನು ಮಾಡಿ."

ಅವನು ಹೋದ ಮೇಲೆ ಗಿರಿಜಾ ಕೇಳಿದಳು, "ಎಂತ ಹೇಳಿದ್ರು ಅಕ್ಕ? ಎಷ್ಟೆಲ್ಲ ಮಾತಾಡಿದ್ರಿ."

"ಇನ್ನು ಯಾರೂ ಕೇಳದೆ ಮರ ಮುಟ್ಲಿಕ್ಕಿಲ್ಲ ಅಂದ್ರು. ನಿಮ್ಮ ಓನರೂ."

"ನಾನು ಹೇಳಿದ್ದು ಅವರಿಗೆ ಅರ್ಥ ಆಯ್ತಲ್ಲ?"

"ಆಯ್ತು," ಎಂದು ಸುಭದ್ರಾ ಬೇಗ ಬೇಗ ಓಣಿಗೆ ಇಳಿದಳು.

ಮಧ್ಯಾಹ್ನ ಅವಳು ಗಲ್ಲಾದಲ್ಲಿ ಕುಳಿತಿದ್ದಾಗ ಎದುರಿಗೆ ಕಲ್ಲಂಗಡಿಯ ಕೈಗಾಡಿ ಬಂದು ನಿಂತಿತು. ಭಜನೆಗೆ ಬರುವವರಿಗೆ ಇರಲಿ ಎಂದೋ ಏನೋ, ಗಿರಿಜಾ ತಾನೇ ಚೀಲ ಹಿಡಿದು ಬೀದಿಗೆ ಬಂದಿದ್ದಳು. ಒಂದು ಹಣ್ಣನ್ನು ಬೆರಳಲ್ಲಿ ತೋರಿಸಿದಳು. ಗಾಡಿಯವನು ಅದನ್ನು ಅಂಗೈಯಲ್ಲಿ ತಟ್ಟಿ, ಉದ್ದನೆಯ ಚೂರಿ ಎತ್ತಿ ಕೇಳಿದ:

"ಕಾಪೀನೆ ಆಪುಂ?"

ಕಡಿದು ಕೊಡಲೇ ಎಂದು. ಗಿರಿಜಾ ಆ ಮಾತಿಗೆ ಪರಿಚಯದವರನ್ನು ಕಂಡಂತೆ ನಕ್ಕು ತಲೆಯಾಡಿಸಿದಳು. ಚೂರಿ ಇಳಿಯಿತು. ಹಣ್ಣು ಎರಡು ಹೋಳಾಗಿ ಬಿದ್ದು ಕೆಂಪು ಕಾಣಿಸಿತು. ಗಾಡಿಯವನು ಅದನ್ನು ಮತ್ತೆ ಸಣ್ಣಗೆ ಹೋಳು ಮಾಡಲು ಹೊರಟು, "ಹಜೀ ಕಾಪುಂ?" ಎಂದ, ಇನ್ನೂ ಕಡಿಯಲೇ ಎಂದು. ಗಿರಿಜಾ ನಗಲಿಲ್ಲ. ಚೂರಿಯನ್ನು ನೋಡಿದಳು, ಹೋಳನ್ನು ನೋಡಿದಳು. ನಿಧಾನವಾಗಿ ತಲೆ ಹೊರಳಿಸಿ ಹೋಟೆಲಿನ ಕಡೆ ನೋಡಿದಳು. ಸುಭದ್ರಾಳ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ಗಿರಿಜಾ ಹೋಳುಗಳನ್ನು ಚೀಲಕ್ಕೆ ಹಾಕಿಸಿಕೊಂಡು, ಓಣಿಯೊಳಗೆ ಹೋದಳು.

"ಎಂತಾಯ್ತು? ಮುಖ ಹಿಂಡಿದ ಹಾಗಿದೆ," ಎಂದ ಉಮಾಕಾಂತ.

"ಅವಳಿಗೆ ಗುಜರಾತಿ ಬಂತು," ಎಂದಳು ಸುಭದ್ರಾ.

ಆದರೂ ಕಡಲೆಬೇಳೆ ಹುರಿಯಲೇಬೇಕಿತ್ತು. ದೇವರಿಗೆ ಎಂದು ಹೇಳಿದ್ದನ್ನು ಬಿಡುವಂತಿಲ್ಲ. ಬೇಳೆ ಕೆಂಪಾಗುತ್ತಿದ್ದಂತೆ ಹಳೆಯ ಪರಿಮಳ ಎದ್ದಿತು. ಎಷ್ಟು ತಿಂಗಳಿಂದ ಬಯಸಿದ ಹೊತ್ತು ಇದು. ಕೈ ತಾನಾಗಿ ಬೆಲ್ಲ ಕೆರೆಯಿತು, ಎಳ್ಳು ಚಟಪಟ ಎಂದಿತು. ಕೃಷ್ಣನ ಹತ್ತಿರ ಏನಾದರೂ ಹೇಳೋಣವೆಂದರೆ ಮಾತು ಮಾತ್ರ ಬರಲಿಲ್ಲ.

ಸಂಜೆ ಪಾತ್ರೆಗೆ ಬಾಳೆಲೆ ಮುಚ್ಚಿಕೊಂಡು ಓಣಿ ಸುತ್ತಿ ಹೋದಳು. ಬಿಸಿಲು ಆರಿತ್ತು. ಮರದಡಿ ಚಾಪೆಗಳು ತುಂಬಿದ್ದವು. ಎಲ್ಲರೂ ಸುಭದ್ರಕ್ಕ ಬಂದರು ಎಂದು ಜಾಗ ಮಾಡಿಕೊಟ್ಟರು. ಗಿರಿಜಾ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು, ತಲೆ ಎತ್ತಲಿಲ್ಲ. ಅವಳು ಯಾರಿಗೂ ಏನೂ ಹೇಳಿರಲಿಲ್ಲ ಎಂಬುದು ಎಲ್ಲರ ನಗುಮುಖದಿಂದಲೇ ತಿಳಿಯುತ್ತಿತ್ತು. ಅದೂ ಸುಭದ್ರಾಳಿಗೆ ಚುಚ್ಚಿತು. ತಾನಾಗಿದ್ದರೆ ಇಷ್ಟು ಹೊತ್ತಿಗೆ ಓಣಿಯಲ್ಲಿ ಡಂಗುರ ಹೊಡೆಸಿರುತ್ತಿದ್ದೆ ಎಂದುಕೊಂಡಳು. ಈ ಹೆಂಗಸಿನ ಎದುರು ಇನ್ನೆಷ್ಟು ಸಲ ಸೋಲುವುದು?

ವಾಮನಣ್ಣ ಶ್ರುತಿ ಹಿಡಿದ. ಒಂದರ ಹಿಂದೆ ಒಂದು ಹಾಡು ಬಂತು. ಗಾಳಿ ಆಡಿತು, ತಲೆಯ ಮೇಲೆ ಎಲೆಗಳು ತಮ್ಮಷ್ಟಕ್ಕೆ ಸದ್ದು ಮಾಡಿದವು. ಅಡುಗೆಮನೆಯ ಕಿಟಕಿಯಿಂದ ಕೇಳುತ್ತಿದ್ದ ಹಾಡಿಗೂ ಇಲ್ಲಿ ಕೂತು ಕೇಳುವ ಹಾಡಿಗೂ ಇರುವ ವ್ಯತ್ಯಾಸ ಸುಭದ್ರಾಳಿಗೆ ತಿಳಿಯಿತು. ಇವರೆಲ್ಲ ಮೆಟ್ಟಿಲು ಹತ್ತದಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮಂಗಳಾರತಿಯ ತಟ್ಟೆ ಸುತ್ತಿ ಬಂದ ಮೇಲೆ ವಾಮನಣ್ಣ ಹೇಳಿದ, "ಇವತ್ತು ಪ್ರಸಾದ ಸುಭದ್ರಕ್ಕನ ಕೈಯಿಂದ. ಬೇವಿನ ಮರ ನಮಗೆ ಉಳಿಸಿಕೊಟ್ಟ ಕೈ."

ಸುಭದ್ರಾ ಪಾತ್ರೆ ಎತ್ತಿಕೊಂಡು ಎದ್ದಳು. ಸಾಲಿನ ಮೊದಲಿಗೆ ಹೋಗಲಿಲ್ಲ. ದೀಪದ ಪಕ್ಕ ಕುಳಿತಿದ್ದ ಗಿರಿಜಾಳ ಎದುರು ಹೋಗಿ ಮಂಡಿಯೂರಿದಳು. ಉಳಿದವರು ಚಾಪೆ ಸರಿಮಾಡಿಕೊಳ್ಳುವ ಗಲಾಟೆಯಲ್ಲಿದ್ದರು.

ಗಿರಿಜಾ ಅವಳಿಗೆ ಮಾತ್ರ ಕೇಳುವಂತೆ ಹೇಳಿದಳು, "ಒಂದು ಕೇಳ್ತೇನೆ ಅಕ್ಕ. ನಾನು ಕಾಪೊ ಕಾಪೊ ಅಂದದ್ದಕ್ಕೆ ಅವರು ಬರೆಯುತ್ತಿದ್ದರಲ್ಲ. ಆಮೇಲೆ ಯಾಕೆ ಹೊಡೆದುಹಾಕಿದ್ರು?"

"ನೀನು ಹೇಳಿದ್ದನ್ನು ಕನ್ನಡದಲ್ಲಿ ಅರ್ಥ ಮಾಡ್ಕೊಳ್ಳಿ ಅಂದೆ."

"ನೀವು ಫೋನಿನಲ್ಲಿ ಹೇಳಿದ್ದು?"

"ಅದು ಗುಜರಾತಿಯಲ್ಲೇ ಇತ್ತು ಗಿರಿಜಾ."

ಗಿರಿಜಾ ದೀಪದ ಬತ್ತಿಯನ್ನು ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು. ಸುಭದ್ರಾಳ ಹೊಟ್ಟೆಯ ಕಿಚ್ಚು ಆ ಗಳಿಗೆಯಲ್ಲಿ ಆರಿಹೋಯಿತು ಎಂದರೆ ಸುಳ್ಳಾದೀತು. ಬೆಲ್ಲ, ತುಪ್ಪದ ಘಮ ಮೂಗಿಗೆ ಬಡಿಯುತ್ತಿತ್ತು, ಬೆರಳು ಪಾತ್ರೆಯ ಅಂಚನ್ನು ಬಿಡಲು ಒಪ್ಪುತ್ತಿರಲಿಲ್ಲ. ಹಂಚಲೆಂದು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಅವಳು ಬಿಚ್ಚಿ ಇಳಿಬಿಟ್ಟಳು.

"ಇದು ನಿನ್ನ ಕೈಯಲ್ಲೇ ಇರ್ಲಿ," ಎಂದಳು. "ಇವತ್ತೂ, ಮುಂದೆಯೂ."

ಪಾತ್ರೆಯನ್ನು ಅವಳ ಮಡಿಲಿಗೆ ಇಟ್ಟು, ಎದ್ದು, ಸಾಲಿನ ತುದಿಗೆ ಹೋಗಿ ಕುಳಿತುಕೊಂಡಳು.